ಶಾಂತಿಗಾಗಿ ಹೋಗ್ತೀನೋ, ಗೆಳೆಯರಿಗಾಗಿ ಹೋಗ್ತೀನೋ?

ಪ್ರಶ್ನೆ: ನನಗೆ 61 ವರ್ಷ. ಹೈಸ್ಕೂಲ್ ಟೀಚರ್ ಆಗಿದ್ದು ನಿವೃತ್ತಿಯಾಗಿದ್ದೇನೆ. ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಯಿತು. ರಾಜಾಜಿನಗರದಲ್ಲಿ ಮಗ, ಸೊಸೆ ಜೊತೆ ಇದ್ದೇನೆ. ಗಾಜಾದಲ್ಲಿ ಯುದ್ಧ ನಿಲ್ಲಲಿ ಅಂತ ಫ್ರೀಡಂ ಪಾರ್ಕಿನಲ್ಲಿ ನಡೆದ ಸಭೆಗೆ ಹಳೆಯ ಸಹೋದ್ಯೋಗಿಯೊಬ್ಬರು ಕರೆದುಕೊಂಡು ಹೋದರು. ಸತ್ತ ಮಕ್ಕಳ ಫೋಟೊ ಹಿಡಿದು ನಿಂತೆ. ಮುಗಿದ ಮೇಲೆ ಆರೇಳು ಜನ ಹತ್ತಿರದ ಹೋಟೆಲಿಗೆ ಹೋಗಿ ಕಾಫಿ ಕುಡಿದೆವು. ಎಷ್ಟೋ ದಿನದ ಮೇಲೆ ಮನಸಾರೆ ನಕ್ಕೆ. ಆಮೇಲೂ ಅಂಥ ಸಭೆಗಳಿಗೆ ಹೋದೆ, ಮನೆಯಲ್ಲಿ ದೇವಸ್ಥಾನಕ್ಕೆ ಅಂತ ಹೇಳಿ. ಮೊನ್ನೆ ಯಾರೋ ಹಾಕಿದ ಫೋಟೊ ಮಗನ ಕಣ್ಣಿಗೆ ಬಿತ್ತು. ‘ಪೊಲೀಸ್ ಕೇಸ್ ಆದರೆ ಏನಮ್ಮಾ ಗತಿ? ಆ ಜನ ಯಾರೋ ಏನೋ’ ಅಂತ ರೇಗಾಡಿದ. ಮುಂದಿನ ತಿಂಗಳು ಶಾಂತಿ ನಡಿಗೆ ಇದೆ. ಅದಾದ ಭಾನುವಾರ ಗುಂಪಿನ ಒಬ್ಬರು ಬಸವನಗುಡಿಯ ತಮ್ಮ ಮನೆಗೆ ಎಲ್ಲರನ್ನೂ ಊಟಕ್ಕೆ ಕರೆದಿದ್ದಾರೆ. ಮಗನಿಗಿಂತ ಹೆಚ್ಚಾಗಿ ನನ್ನ ಮನಸ್ಸೇ ನನ್ನನ್ನು ಚುಚ್ಚುತ್ತಿದೆ. ಆ ಫೋಟೊ ಹಿಡಿದು ನಿಂತಾಗಲೂ ಆಮೇಲಿನ ಕಾಫಿ ನೆನಪಾಗುತ್ತೆ. ಇದು ಮೋಸ ಅಲ್ವಾ?

ಉತ್ತರ: ಮೋಸ ಅಲ್ಲ ಮೇಡಂ. ಆ ಮಕ್ಕಳಿಗಾಗಿ ನಿಮಗೆ ನೋವಾಗದೇ ಇದ್ದಿದ್ದರೆ ಬಿಸಿಲಲ್ಲಿ ಫೋಟೊ ಹಿಡಿದು ನಿಲ್ಲುತ್ತಿರಲಿಲ್ಲ. ಕಾಫಿ ಕುಡಿಯೋಕೆ, ಹರಟೆ ಹೊಡೆಯೋಕೆ ಬೇರೆ ಎಷ್ಟೋ ಜಾಗಗಳಿವೆ. ನಿಮಗೆ ಈ ಜನರೇ ಯಾಕೆ ಇಷ್ಟವಾದರು? ನಿಮ್ಮನ್ನು ಕಾಡುವುದು ಅವರನ್ನೂ ಕಾಡುತ್ತಿದೆ. ನಾಲ್ಕು ವರ್ಷದಿಂದ ಮನಸ್ಸಿನ ಮಾತಿಗೆ ಜೊತೆಯಿಲ್ಲದ ನಿಮಗೆ ಅದು ಎಷ್ಟು ದೊಡ್ಡದು ಅನ್ನೋದು ಪತ್ರದಲ್ಲೇ ಕಾಣುತ್ತಿದೆ.

ನಿಮಗೊಂದು ನಿಜ ಸಂಗತಿ ಹೇಳಬೇಕು. 1961ರಲ್ಲಿ, ಅಣ್ವಸ್ತ್ರದ ವಿರುದ್ಧ ಪ್ರತಿಭಟಿಸಿದ್ದಕ್ಕೆ 89 ವರ್ಷದ ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರನ್ನು ಲಂಡನ್ನಿನಲ್ಲಿ ಜೈಲಿಗೆ ಹಾಕಿದರು. ಆ ಸುದ್ದಿಯನ್ನು ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಎಂಬ ಇಬ್ಬರು ಗೆಳೆಯರು ಓದಿದ್ದು ಎಲ್ಲಿ ಗೊತ್ತಾ? ನಮ್ಮ ಬೆಂಗಳೂರಿನ ಒಂದು ಹೋಟೆಲಿನಲ್ಲಿ, ಕಾಫಿ ಕುಡಿಯುತ್ತಾ. ಆ ವಯಸ್ಸಿನವರು ಜೈಲಿಗೆ ಹೋಗುತ್ತಿದ್ದಾರೆ, ನಾವಿಲ್ಲಿ ಕೂತು ಏನು ಮಾಡುತ್ತಿದ್ದೇವೆ ಅನ್ನಿಸಿತು ಅವರಿಗೆ. 1962ರಲ್ಲಿ ದೆಹಲಿಯ ಗಾಂಧಿ ಸಮಾಧಿಯಿಂದ ಹೊರಟೇಬಿಟ್ಟರು. ಜೇಬಿನಲ್ಲಿ ಕಾಸಿಲ್ಲ. ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್ ದಾಟಿ, ಮಾಸ್ಕೊ, ಪ್ಯಾರಿಸ್, ಲಂಡನ್ ಮೂಲಕ ವಾಷಿಂಗ್ಟನ್ ತನಕ ಸುಮಾರು 8,000 ಮೈಲಿಯ ಶಾಂತಿಯಾತ್ರೆ. ದಾರಿಯಲ್ಲಿ, ಈಗಿನ ಜಾರ್ಜಿಯಾ ದೇಶದಲ್ಲಿ, ಟೀ ಫ್ಯಾಕ್ಟರಿಯ ಹೆಂಗಸರು ಇವರಿಗೆ ನಾಲ್ಕು ಪೊಟ್ಟಣ ಟೀ ಪುಡಿ ಕೊಟ್ಟರು. ಆಗ ಅಣುಬಾಂಬ್ ಇದ್ದ ನಾಲ್ಕು ದೇಶಗಳ ನಾಯಕರಿಗೆ ಒಂದೊಂದು. ಬಾಂಬಿನ ಬಟನ್ ಒತ್ತುವ ಯೋಚನೆ ಬಂದರೆ ಒಂದು ನಿಮಿಷ ತಡೆದು ಈ ಟೀ ಕುಡಿಯಲಿ ಅಂತ ಹೇಳಿ ಕಳಿಸಿದರು.

ಕಾಫಿಯ ನೆನಪಿಗೆ ನಾಚಿಕೊಳ್ಳುವ ನಿಮಗೆ ಇದನ್ನು ಹೇಳದೇ ಇರೋಕೆ ಆಗಲಿಲ್ಲ. ಆ ಇಬ್ಬರಲ್ಲಿ ಒಬ್ಬರೇ ಇದ್ದಿದ್ದರೆ ಅಷ್ಟು ದೂರ ನಡೆಯುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ. 1988ರಿಂದ ಜೆರುಸಲೇಮಿನಲ್ಲಿ ಇಸ್ರೇಲಿ ಹೆಂಗಸರು ಕಪ್ಪು ಬಟ್ಟೆ ತೊಟ್ಟು ಶುಕ್ರವಾರ ಶುಕ್ರವಾರ ರಸ್ತೆಯಲ್ಲಿ ಮೌನವಾಗಿ ನಿಂತರು, ಪ್ಯಾಲೆಸ್ಟೀನ್ ನೆಲದ ಮೇಲಿನ ತಮ್ಮದೇ ಸರ್ಕಾರದ ಅತಿಕ್ರಮಣ ನಿಲ್ಲಲಿ ಅಂತ. ಜನ ಬೈದರು, ಉಗಿದರು. ಬೆಂಗಳೂರಿನಲ್ಲೂ ‘ವಿಮೋಚನಾ’ ಎಂಬ ಮಹಿಳಾ ಸಂಘಟನೆಯ ಹೆಂಗಸರು ಹೀಗೆ ಕಪ್ಪುಡುಗೆಯಲ್ಲಿ ನಿಂತವರೇ. ವಾರವಾರವೂ ಬೈಗುಳ ತಿಂದು ಮುಂದಿನ ವಾರ ಮತ್ತೆ ಬರಬೇಕಾದರೆ, ಪಕ್ಕದಲ್ಲಿ ನಿಂತವರ ಮೇಲೆ ಪ್ರೀತಿ ಇರಲೇಬೇಕು. ಬರೀ ದುಃಖ ಹೊತ್ತು ನಿಂತವರು ಬೇಗ ಸುಸ್ತಾಗಿ ಮನೆ ಸೇರುತ್ತಾರೆ.

ಈಗ ಮಗನ ವಿಷಯ. ಅವರು ಕೋಪಿಸಿಕೊಂಡಿದ್ದು ನೀವು ಹೋಗಿದ್ದಕ್ಕಿಂತ ಅದನ್ನು ಫೋಟೊ ನೋಡಿ ತಿಳಿಯಬೇಕಾಯಿತಲ್ಲ ಅಂತ ಇರಬಹುದು. ‘ದೇವಸ್ಥಾನ ಅಂತ ಸುಳ್ಳು ಹೇಳಿದ್ದು ತಪ್ಪಾಯ್ತು ಕಣೋ, ಇನ್ಮೇಲೆ ಹೇಳಿಯೇ ಹೋಗ್ತೀನಿ’ ಅನ್ನಿ. ಆ ಸುಳ್ಳಿಗಷ್ಟೇ ಕ್ಷಮೆ ಕೇಳಿ. ಸಭೆಗೆ ಹೋಗಿದ್ದಕ್ಕೆ ಕೇಳಬೇಡಿ. ಸುಮ್ನೆ ಜಗಳ ತಪ್ಪಿಸೋಕೆ ಅಂತ ಎರಡಕ್ಕೂ ಸೇರಿಸಿ ಕೇಳಿದರೆ, ಮುಂದಿನ ಸಲ ಮತ್ತೆ ಸುಳ್ಳೇ ಹೇಳಬೇಕಾಗುತ್ತೆ.

ಹಾಗಂತ ಅವರ ಭಯವನ್ನು ತಳ್ಳಿಹಾಕಬೇಡಿ. ಶಾಂತಿಯಿಂದ, ಆಯುಧವಿಲ್ಲದೆ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಆದರೆ ಬೆಂಗಳೂರಿನ ನಿಯಮದ ಪ್ರಕಾರ ಪ್ರತಿಭಟನೆ ಏನಿದ್ದರೂ ಫ್ರೀಡಂ ಪಾರ್ಕಿನಲ್ಲೇ ಆಗಬೇಕು. (ಅದು ಹಳೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನೂ ಅಲ್ಲಿ ಇಟ್ಟಿದ್ದರು.) ಹಾಗಾಗಿ ನಡಿಗೆ ಅಂದಾಗ ಸ್ವಲ್ಪ ವಿಚಾರಿಸಿ. ಎಲ್ಲಿಂದ ಎಲ್ಲಿಗೆ? ಪೊಲೀಸ್ ಅನುಮತಿ ಲಿಖಿತವಾಗಿ ಸಿಕ್ಕಿದೆಯಾ? ಕೇಳಲು ಸಂಕೋಚ ಬೇಡ, ಒಳ್ಳೆಯ ಆಯೋಜಕರು ಖುಷಿಯಿಂದ ತೋರಿಸುತ್ತಾರೆ. ಅನುಮತಿ ಇಲ್ಲದೆ ನಡೆದರೆ ಪೊಲೀಸರು ಬಸ್ಸಿಗೆ ಹತ್ತಿಸಿ ಕರೆದೊಯ್ದು ಸಂಜೆ ಬಿಡಬಹುದು, ಕೇಸೂ ಹಾಕಬಹುದು. ಅದಕ್ಕೆ ಸಿದ್ಧವಾಗಿ ಹೋಗುವವರೂ ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ನೀವು ಸಿದ್ಧರಿದ್ದೀರಾ ಅನ್ನೋದನ್ನು ಮನೆಯಲ್ಲೇ ಕೂತು ತೀರ್ಮಾನಿಸಿ. ನಿಷೇಧಾಜ್ಞೆ ಇರುವ ದಿನವಂತೂ ಹೋಗಬೇಡಿ.

ಹೋಗುವ ದಿನ ಮಗನಿಗೆ ಜಾಗ, ಸಮಯ, ಜೊತೆಯಲ್ಲಿರುವ ಒಬ್ಬರ ನಂಬರ್ ಕೊಟ್ಟು ಹೊರಡಿ. ಮಗನ ನಂಬರನ್ನು ನೀವೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮೊಬೈಲ್ ಚಾರ್ಜ್ ಮುಗಿಯುತ್ತೆ. ನೀರು, ಮಾತ್ರೆ, ಕೊಡೆ ಬ್ಯಾಗಲ್ಲಿರಲಿ. ಗುಂಪಿನಲ್ಲಿ ಯಾರಾದರೂ ಯಾವುದೇ ಧರ್ಮದವರನ್ನು ಬೈದು ಘೋಷಣೆ ಕೂಗಲು ಶುರುಮಾಡಿದರೆ, ಅಲ್ಲಿಂದ ಪಕ್ಕಕ್ಕೆ ಬಂದುಬಿಡಿ. ಅದು ನೀವು ಹೋದ ಕೆಲಸವೇ ಅಲ್ಲ.

‘ಆ ಜನ ಯಾರೋ ಏನೋ’ ಅನ್ನುವ ಮಾತಿಗೆ ವಾದದಲ್ಲಿ ಉತ್ತರ ಸಿಗಲ್ಲ. ನಿಮ್ಮ ಸಹೋದ್ಯೋಗಿಯನ್ನೂ ಗುಂಪಿನ ಇನ್ನೊಬ್ಬರನ್ನೂ ಒಂದು ಸಂಜೆ ಮನೆಗೆ ಕರೆಯಿರಿ. ಮಗ, ಸೊಸೆ ಇಬ್ಬರೂ ಇರುವಾಗಲೇ. ನೀವು ನಗುವುದನ್ನು ಅವರೂ ನೋಡಲಿ. ಯಜಮಾನರು ಹೋದಮೇಲೆ ಆ ನಗು ಆ ಮನೆಯಲ್ಲಿ ಕೇಳಿರಲಿಕ್ಕಿಲ್ಲ.

ಒಂದು ಎಚ್ಚರಿಕೆ ಮಾತ್ರ. ಪರಿಚಯ ಹೊಸದು. ಯಾರಾದರೂ ಸಾಲ ಕೇಳಿದರೆ, ನಿಮ್ಮ ಹೆಸರಲ್ಲಿ ಚಂದಾ ಎತ್ತೋಣ ಅಂದರೆ, ಸದ್ಯಕ್ಕೆ ಬೇಡ ಅನ್ನಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದಿದ್ದನ್ನೆಲ್ಲ ಮುಂದಕ್ಕೆ ಕಳಿಸಬೇಡಿ.

ಬಸವನಗುಡಿಯ ಊಟಕ್ಕೆ ಖಂಡಿತ ಹೋಗಿ. ವಿಳಾಸವನ್ನು ಮಗನಿಗೆ ಕೊಟ್ಟು, ವಾಪಸ್ ಬರುವಾಗ ಕರೆದುಕೊಂಡು ಹೋಗೋಕೆ ಬರ್ತೀಯಾ ಅಂತ ಅವರನ್ನೇ ಕೇಳಿ. ಬಂದರೆ ಬಾಗಿಲಲ್ಲೇ ನಿಲ್ಲಿಸದೆ ಒಳಗೆ ಕರೆದು, ಎಲ್ಲರಿಗೂ ಪರಿಚಯ ಮಾಡಿಕೊಡಿ.