ಜೀನ್ ಪರೀಕ್ಷೆ ಮಾಡಿಸಿದರೆ ಹಸುವಿನ ರೋಗ ತಡೆಯುವ ಶಕ್ತಿ ಗೊತ್ತಾಗುತ್ತಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಕೊಟ್ಟಿಗೆಯಲ್ಲಿ ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್ ಎಂಬ ವಿದೇಶಿ ತಳಿ) ಮಿಶ್ರತಳಿ, ಮೂರು ಮಲೆನಾಡು ಗಿಡ್ಡ ಇವೆ. ಹೋದ ವರ್ಷ ಉಣುಗಿನಿಂದ ಜ್ವರ ಬಂದು ಇನ್ನೊಂದು ಮಿಶ್ರತಳಿ ಹಸು ಸತ್ತಿತು. ಗಿಡ್ಡಗಳಿಗೆ ಏನೂ ಆಗಲಿಲ್ಲ. ಬಾಲದ ಕೂದಲು ಕೊಟ್ಟು ಜೀನ್ ಪರೀಕ್ಷೆ ಮಾಡಿಸಿ ಅಂತಾರೆ. ಮಾಡಿಸಬೇಕಾ?

ಉತ್ತರ: ಹಾಲು ಕೊಡುವ ಹಸು ಕಣ್ಣೆದುರೇ ಹೋದರೆ ಮನೆಮಂದಿಗೆಲ್ಲ ಊಟ ಸೇರುವುದಿಲ್ಲ. ಆ ಸಂಕಟ ಗೊತ್ತು. ಆದರೂ ಈಗಿರುವ ಹಸುಗಳಿಗೆ ಈ ಪರೀಕ್ಷೆ ಮಾಡಿಸಿ ದುಡ್ಡು ಕಳೆಯಬೇಡಿ.

ಉಣುಗಿನಿಂದ ಬರುವ ಥೈಲೇರಿಯಾದಂಥ ಜ್ವರ ತಡೆಯುವ ಶಕ್ತಿ ಯಾವುದೋ ಒಂದು ಜೀನಿನಲ್ಲಿ ಇರುವುದಲ್ಲ. ಹಲವಾರು ಜೀನುಗಳು ಚೂರುಚೂರು ಸೇರಿ ಆಗುವುದು. ಮೇವು, ಕೊಟ್ಟಿಗೆ, ಕರುವಾಗಿದ್ದಾಗ ಕಚ್ಚಿದ ಉಣುಗು ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಸಾವಿರಾರು ದನಗಳ ಜೀನು, ರೋಗ ಎರಡನ್ನೂ ತಾಳೆ ನೋಡಿದರೆ ಒಳ್ಳೆಯ ಹೋರಿ ಆರಿಸಬಹುದು. ಒಂದು ಹಸುವಿನ ಭವಿಷ್ಯ ಹೇಳಲು ಆಗುವುದಿಲ್ಲ.

ಒಂದೇ ಜೀನಿನ ದೋಷವಾದರೆ ಪರೀಕ್ಷೆ ಖಚಿತ. ಎಚ್‌ಎಫ್‌ನಲ್ಲಿ ಬ್ಲಾಡ್ ಎಂಬ ದೋಷವಿದೆ. ಅದಿದ್ದರೆ ಬಿಳಿ ರಕ್ತಕಣಗಳು ಸೋಂಕಾದ ಜಾಗಕ್ಕೆ ಹೋಗಲಾರವು. ಕರುವಿಗೆ ಪದೇ ಪದೇ ಭೇದಿ, ನ್ಯುಮೋನಿಯಾ ಬರುತ್ತದೆ, ಹೆಚ್ಚು ದಿನ ಬದುಕುವುದಿಲ್ಲ. ಹೋರಿ, ಹಸು ಎರಡೂ ಗಟ್ಟಿಮುಟ್ಟಾಗಿಯೇ ಕಾಣಬಹುದು. ಎರಡರಲ್ಲೂ ದೋಷ ಅಡಗಿದ್ದರೆ ನಾಲ್ಕರಲ್ಲಿ ಒಂದು ಕರು ಹೀಗೆ ಹುಟ್ಟುವ ಸಂಭವ. ಅದಕ್ಕೇ ವೀರ್ಯ ಕೇಂದ್ರಗಳು ಎಚ್‌ಎಫ್ ಹೋರಿಗಳಿಗೆ ಈ ಪರೀಕ್ಷೆ ಮಾಡಿಸಬೇಕೆಂಬ ನಿಯಮವಿದೆ. ಮುಂದಿನ ಸಲ ಕೃತಕ ಗರ್ಭಧಾರಣೆ ಮಾಡಿಸುವಾಗ ವೀರ್ಯ ತುಂಬಿದ ಕಡ್ಡಿಯ ಮೇಲಿನ ಹೋರಿ ನಂಬರ್ ಕೇಳಿ ಬರೆದಿಡಿ. ಅದೇ ಹೋರಿಯನ್ನು ಅದರ ಮಗಳಿಗೆ ಕೊಡಿಸಬೇಡಿ.

ಜ್ವರ ಬಂದಾಗ ಬೇಕಾದದ್ದು ರಕ್ತ ಪರೀಕ್ಷೆ. ಮೇವು ಬಿಟ್ಟಿತು, ಭುಜದ ಮುಂದಿನ ಗಂಟು ಊದಿತು ಅಂದರೆ ಅವತ್ತೇ ಪಶುವೈದ್ಯರನ್ನು ಕರೆಸಿ. ಥೈಲೇರಿಯಾಕ್ಕೆ ಔಷಧಿ ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಗೋಡೆ ಬಿರುಕು ಮುಚ್ಚಿಸಿ, ಉಣುಗಿನ ಔಷಧಿಯನ್ನು ವೈದ್ಯರು ಹೇಳಿದ ಅಳತೆಯಲ್ಲೇ ಹಚ್ಚಿ. ಇದು ಮನೆಯವರಿಗಾಗಿಯೂ ಹೇಳುವ ಮಾತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ, ಉಣುಗು ಕಚ್ಚಿ ಮನುಷ್ಯರಿಗೆ ಬರುವ ಮಂಗನ ಕಾಯಿಲೆ ದನಗಳನ್ನು ಕಾಡುವುದಿಲ್ಲ, ನಿಜ. ಆದರೆ ಕಾಡಿನ ಉಣುಗನ್ನು ಮನೆಗೆ ಹೊತ್ತು ತರುವುದು ಮೇಯಲು ಹೋದ ದನವೇ ಅಲ್ವಾ?

ಇನ್ನೊಂದು ಮಾತು. ಹಾಲು ಜಾಸ್ತಿ ಬರಲಿ ಅಂತ ಗಿಡ್ಡಗಳಿಗೆ ಎಚ್‌ಎಫ್ ಕಡ್ಡಿ ಹಾಕಿಸಬೇಡಿ. ಕರು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ. ನಮ್ಮ ಮಳೆ, ಉಣುಗು ತಡೆದುಕೊಂಡು ಬಂದ ಗುಣವೂ ಹಂಚಿ ಹೋಗುತ್ತದೆ. ಊರಲ್ಲಿ ಒಳ್ಳೆಯ ಗಿಡ್ಡ ಹೋರಿ ಇದ್ದರೆ ಅದನ್ನೇ ಬಿಡಿಸಿ.