ರಿನೈಸಾನ್ಸ್ (ಯುರೋಪಿನ ಪುನರುಜ್ಜೀವನ) ಕಾಲದ ಚಿತ್ರಗಳ ಪಕ್ಕದಲ್ಲಿ ಇಂದಿನ ಕಲಾಕೃತಿಗಳನ್ನು ಏಕೆ ಪ್ರದರ್ಶಿಸುತ್ತಾರೆ?

ಹಳೆಯ ಚಿತ್ರವನ್ನು ಅವಸರವಿಲ್ಲದೆ ನೋಡುವಂತೆ ಮಾಡುವುದೇ ಮುಖ್ಯ ಉದ್ದೇಶ. ಎರಡನ್ನು ಹೋಲಿಸುವಾಗ ಕಣ್ಣು ತಾನಾಗಿಯೇ ವಿವರಗಳನ್ನು ಹುಡುಕುತ್ತದೆ. ಗರ್ಭಿಣಿಯರಾದ ಯೇಸುವಿನ ತಾಯಿ ಮರಿಯ ಮತ್ತು ಆಕೆಯ ಬಂಧು ಎಲಿಜಬೆತ್ ಪರಸ್ಪರ ತೋಳು ಹಿಡಿದು ನಿಂತಿರುವ, ಇಟಲಿಯ ಚಿತ್ರಕಾರ ಪೊಂಟೊರ್ಮೊ 1528ರ ಸುಮಾರಿಗೆ ಬರೆದ ಚಿತ್ರವನ್ನೂ, ಅದರಿಂದಲೇ ಪ್ರೇರಣೆ ಪಡೆದು ಅಮೆರಿಕದ ಬಿಲ್ ವಯೋಲಾ 1995ರಲ್ಲಿ ರಚಿಸಿದ ವಿಡಿಯೊ ಕೃತಿಯನ್ನೂ 2017ರಲ್ಲಿ ಫ್ಲಾರೆನ್ಸಿನ ಪಲಾಜೊ ಸ್ಟ್ರೋಜಿ ಎಂಬ ಹಳೆಯ ಅರಮನೆಯ ಪ್ರದರ್ಶನದಲ್ಲಿ ಒಟ್ಟಿಗೆ ಇರಿಸಿದ್ದರು. ಹೆಂಗಸರ ಒಂದು ನಿಮಿಷವೂ ಹಿಡಿಯದ ಇಂಥದ್ದೇ ಭೇಟಿಯನ್ನು ವಯೋಲಾ ನಿಧಾನಗತಿಯಲ್ಲಿ ಸುಮಾರು 10 ನಿಮಿಷಗಳಿಗೆ ಹಿಗ್ಗಿಸಿರುವುದರಿಂದ, ಗಾಳಿಗೆ ಉಬ್ಬುವ ಉಡುಪು, ಕಿವಿಯಲ್ಲಿ ಪಿಸುಗುಟ್ಟಲು ಬಾಗುವ ಕತ್ತು ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ಅದನ್ನು ನೋಡಿದ ಕಣ್ಣಿಗೆ ಪೊಂಟೊರ್ಮೊನ ಬಟ್ಟೆಯ ಮಡಿಕೆಗಳಲ್ಲೂ ಚಲನೆ ಗೋಚರಿಸುತ್ತದೆ. ಕೇವಲ ವಿಷಯ ಹೊಂದುತ್ತದೆಂದು ಜೋಡಿಸಿದ ಪ್ರದರ್ಶನಗಳಲ್ಲಿ, ನನ್ನ ಮಟ್ಟಿಗೆ, ಈ ಅನುಭವ ದೊರಕುವುದಿಲ್ಲ.