ಎಲ್ಲ ಕೆಲಸಕ್ಕೂ ಕೊನೆ ದಿನಾಂಕ ಹಾಕಬೇಡಿ ಎಂದು ಎಷ್ಟು ಸಲ ಹೇಳಲಿ?

ತೆರಿಗೆ ಲೆಕ್ಕದ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಬೇರೆಯವರ ಗಡುವುಗಳನ್ನು ಕಾಯ್ದುಕೊಂಡು ಬಂದವನು ನಾನು. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ಊರು ಮಾತ್ರ ಬೇರೆ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಪಟ್ಟಿ ಬರೆಯುವುದು ಹೇಗೆ, ನೆನಪೋಲೆ ಹಾಕುವುದು ಹೇಗೆ ಎಂಬುದನ್ನೆಲ್ಲ ಮತ್ತೆ ಹೇಳುವುದಿಲ್ಲ.

ಮೊಬೈಲಿನಲ್ಲಿ ಕೆಲಸಗಳ ಪಟ್ಟಿ ಇಟ್ಟಿದ್ದೇನೆ. ಪ್ರತಿಯೊಂದಕ್ಕೂ ದಿನಾಂಕ ಹಾಕುತ್ತೇನೆ. ಈಗ 63 ಕೆಲಸಗಳಿವೆ, ಅದರಲ್ಲಿ 41 ಕೆಂಪಾಗಿವೆ. ದಿನಾ ಬೆಳಿಗ್ಗೆ ಎಲ್ಲವನ್ನೂ ನಾಳೆಗೆ ತಳ್ಳುವುದೇ ಆಗಿದೆ. ನನ್ನಲ್ಲಿ ಶಿಸ್ತಿಲ್ಲವೇ? ಪಟ್ಟಿಯ ಚಿತ್ರ ಕಳಿಸಿದ್ದೇನೆ. — ಪ್ರೌಢಶಾಲಾ ಶಿಕ್ಷಕಿ, ಶಿವಮೊಗ್ಗ

ದಿನಾ ಬೆಳಿಗ್ಗೆ 41 ಸಾಲು ತಳ್ಳುವವರಿಗೆ ಶಿಸ್ತಿಲ್ಲ ಎಂದು ಯಾರು ಹೇಳಿಯಾರು ಮೇಡಂ? ನೀವು ಹಾಕಿದ ದಿನಾಂಕಗಳೇ ಸುಳ್ಳು.

ಚಿತ್ರವನ್ನು ದೊಡ್ಡದು ಮಾಡಿಕೊಂಡು ಒಂದೊಂದೇ ಸಾಲು ಓದಿದೆ. ಅಟ್ಟ ಸ್ವಚ್ಛ, ಜೂನ್ 7. ಗೀಸರ್ ರಿಪೇರಿ, ಜೂನ್ 7. ಎಲ್‌ಐಸಿ ಕಂತು, ಜೂನ್ 7. ಅಮ್ಮನ ಕಣ್ಣು ತೋರಿಸುವುದು, ಜೂನ್ 7. ಪಾಸ್‌ಪೋರ್ಟ್, ಜೂನ್ 7. ಹಿಂದಿನ ದಿನ ಎಲ್ಲವನ್ನೂ ಒಟ್ಟಿಗೆ ತಳ್ಳಿದ್ದರಿಂದ ಎಲ್ಲಕ್ಕೂ ಒಂದೇ ತಾರೀಖು. ಅಟ್ಟದ ಧೂಳು ಜೂನ್ 8ಕ್ಕೂ ಅಲ್ಲೇ ಇರುತ್ತದೆ, ಯಾರಿಗೂ ನಷ್ಟವಿಲ್ಲ. ಆದರೆ ಎಲ್‌ಐಸಿ ಕಂತಿನ ನಿಜವಾದ ದಿನ ಯಾವುದು? ನಿಮ್ಮ ಪಟ್ಟಿಯಲ್ಲಿ ಅದು ಈಗ ಇಲ್ಲವೇ ಇಲ್ಲ. ತಳ್ಳುತ್ತಾ ತಳ್ಳುತ್ತಾ ಅಳಿಸಿಹೋಗಿದೆ. ಇದು ನನ್ನನ್ನು ನಿಜಕ್ಕೂ ಕಂಗೆಡಿಸಿತು. ಈ ಪತ್ರಿಕೆ ಕೆಳಗಿಟ್ಟು ಮೊದಲು ಹಳೆಯ ರಸೀದಿ ತೆಗೆದು ನೋಡಿ. ವರ್ಷದ ಕಂತಾದರೆ ಆ ದಿನ ದಾಟಿದ ಮೇಲೆ 30 ದಿನ ಅವಕಾಶ, ತಿಂಗಳ ಕಂತಾದರೆ 15 ದಿನ. ಅದೂ ಮುಗಿದರೆ ಪಾಲಿಸಿ ಲ್ಯಾಪ್ಸ್, ಎಂದರೆ ವಿಮೆ ನಿಂತುಹೋಗುತ್ತದೆ.

ಗಡುವು ಎಂದರೆ ನಾವು ಹಾಕಿಕೊಳ್ಳುವುದಲ್ಲ, ಹೊರಗಿನಿಂದ ಬರುವುದು. ಆ ದಿನ ದಾಟಿದರೆ ದಂಡ ಬೀಳಬೇಕು, ಇಲ್ಲವೇ ಕಿಟಕಿ ಮುಚ್ಚಬೇಕು, ಇಲ್ಲವೇ ಇನ್ನೊಬ್ಬರಿಗೆ ಕೊಟ್ಟ ಮಾತು ತಪ್ಪಬೇಕು. ಮೂರರಲ್ಲಿ ಒಂದೂ ಆಗದಿದ್ದರೆ ಆ ಸಾಲಿಗೆ ಗಡುವು ಬೇಡ. ಚಿತ್ರದಲ್ಲಿ ನನಗೆ ಕಂಡ 19 ಸಾಲುಗಳಲ್ಲಿ ಈ ಪರೀಕ್ಷೆ ಪಾಸಾದವು ನಾಲ್ಕು: ಎಲ್‌ಐಸಿ, ಪಾಸ್‌ಪೋರ್ಟ್, ಕಾರಿನ ವಿಮೆ, ಮುಖ್ಯೋಪಾಧ್ಯಾಯರಿಗೆ ಕೊಡಬೇಕಾದ ಪ್ರಶ್ನೆಪತ್ರಿಕೆ.

ಕಾರಿನ ವಿಮೆಯ ಬಗ್ಗೆ ನನ್ನದೇ ಅನುಭವವಿದೆ. ನಾನೂ ಒಂದು ಕಾಲದಲ್ಲಿ ಎಲ್ಲಕ್ಕೂ ದಿನಾಂಕ ಹಾಕುತ್ತಿದ್ದೆ. ಮೂವತ್ತು ಕೆಂಪು ಸಾಲುಗಳ ನಡುವೆ ವಿಮೆಯ ಸಾಲೂ ಕೆಂಪಾಗಿ ಕೂತಿತ್ತು. ಕಣ್ಣು ಅದನ್ನು ನೋಡುತ್ತಿತ್ತು, ಮನಸ್ಸು ನೋಡುತ್ತಿರಲಿಲ್ಲ. ಅವಧಿ ಮುಗಿದು 90 ದಿನ ದಾಟಿದವು. ಐದು ವರ್ಷ ಕ್ಲೇಮ್ ಮಾಡದೆ ಗಳಿಸಿದ್ದ ಶೇ 50ರ ನೋ ಕ್ಲೇಮ್ ಬೋನಸ್, ಎಂದರೆ ಕಂತಿನಲ್ಲಿ ಸಿಗುವ ರಿಯಾಯಿತಿ, ಪೂರ್ತಿ ಹೋಯಿತು. ಅಷ್ಟು ದಿನ ವಿಮೆಯಿಲ್ಲದ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಾಡಿದ್ದೆ ಎಂಬುದು ಹಣಕ್ಕಿಂತ ಹೆಚ್ಚು ಕಾಡಿತು. ಆ ಕಾರಣಕ್ಕೇ ಈ ವಿಷಯದಲ್ಲಿ ನಾನು ಗಟ್ಟಿಯಾಗಿ ಮಾತಾಡುವುದು.

ಪಾಸ್‌ಪೋರ್ಟಿನ ಸಾಲು ಇನ್ನೂ ಸೂಕ್ಷ್ಮ. ಮುಂದಿನ ಮಾರ್ಚ್ 14ಕ್ಕೆ ಅವಧಿ ಮುಗಿಯುತ್ತದೆ, ನವೆಂಬರಿನಲ್ಲಿ ದುಬೈಗೆ ಮಗಳ ಮನೆಗೆ ಹೋಗಬೇಕು ಎಂದು ಬರೆದಿದ್ದೀರಿ. ಅಲ್ಲಿಗೆ ಹೋಗಲು ಪಾಸ್‌ಪೋರ್ಟಿಗೆ ಆರು ತಿಂಗಳಾದರೂ ಆಯಸ್ಸು ಇರಬೇಕು. ಎಂದರೆ ಸೆಪ್ಟೆಂಬರ್ 14 ದಾಟಿದ ಮೇಲೆ ನಿಮ್ಮ ಈಗಿನ ಪಾಸ್‌ಪೋರ್ಟ್ ಆ ಪ್ರಯಾಣಕ್ಕೆ ಬಾರದು. ಪುಸ್ತಕದ ಮೇಲೆ ಅಚ್ಚಾದ ದಿನವೇ ಬೇರೆ, ನಿಮಗೆ ಅನ್ವಯಿಸುವ ಗಡುವೇ ಬೇರೆ. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಹೊಸದಕ್ಕೆ ಅರ್ಜಿ ಹಾಕಬಹುದು, ಆದ್ದರಿಂದ ಕಾಯಲು ಕಾರಣವೇ ಇಲ್ಲ. ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಉಳಿತಾಯವೂ ಹೀಗೇ. ಹಣ ಕಟ್ಟಲು ಮಾರ್ಚ್ 31ರವರೆಗೆ ಸಮಯವಿದೆ ಎಂದು ಎಲ್ಲರೂ ಬರೆದುಕೊಳ್ಳುತ್ತಾರೆ. ಆದರೆ ಬಡ್ಡಿ ಲೆಕ್ಕವಾಗುವುದು ತಿಂಗಳ 5ನೇ ತಾರೀಖಿನ ನಂತರದ ಕನಿಷ್ಠ ಶಿಲ್ಕಿನ ಮೇಲೆ. ಇಡೀ ವರ್ಷದ ಬಡ್ಡಿ ಬೇಕಾದವರಿಗೆ ಏಪ್ರಿಲ್ 5ರೊಳಗೆ ಹಣ ಖಾತೆಯಲ್ಲಿರಬೇಕು.

ಇನ್ನು ಶುರುವಿನ ದಿನ. ಗಡುವಿರುವ ಪ್ರತಿ ಕೆಲಸಕ್ಕೂ ಇದು ಬೇಕೇಬೇಕು, ಪಟ್ಟಿ ಬೆಳಿಗ್ಗೆ ನಿಮ್ಮ ಮುಂದೆ ತರಬೇಕಾದದ್ದೂ ಇದನ್ನೇ. ಎಷ್ಟು ಮೊದಲು ಶುರು ಮಾಡಬೇಕು? ನಿಮ್ಮ ಅಂದಾಜನ್ನು ನಂಬಬೇಡಿ. ಮನಶ್ಶಾಸ್ತ್ರಜ್ಞ ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕು ಎಂದಿದ್ದರು. ಎಲ್ಲವೂ ಕೆಟ್ಟರೂ 49 ದಿನ ಎಂದಿದ್ದರು. ಹಿಡಿದದ್ದು ಸುಮಾರು 55. ನಮ್ಮ ಕಚೇರಿಯಲ್ಲಿ ನಾನು ಅಂದಾಜನ್ನು ದುಪ್ಪಟ್ಟು ಮಾಡಿ ಹಿಂದಕ್ಕೆ ಎಣಿಸುತ್ತೇನೆ. ಜಾಸ್ತಿಯಾಯಿತು ಎನ್ನುವವರು ಅನ್ನಲಿ.

ನಿಮ್ಮ ಆ್ಯಪ್‌ನಲ್ಲಿ ದಿನಾಂಕಕ್ಕೆ ಒಂದೇ ಜಾಗವಿದ್ದರೆ ಅಲ್ಲಿ ಶುರುವಿನ ದಿನ ಹಾಕಿ, ಗಡುವನ್ನು ಕೆಲಸದ ಹೆಸರಿನಲ್ಲೇ ಮೊದಲಿಗೆ ಬರೆಯಿರಿ: "ಸೆ.14 ಗಡುವು – ಪಾಸ್‌ಪೋರ್ಟ್". ಆಮೇಲೆ ಎಷ್ಟು ಸಲ ತಳ್ಳಿದರೂ ನಿಜವಾದ ತಾರೀಖು ಅಳಿಸುವುದಿಲ್ಲ.

ಅಮ್ಮನ ಕಣ್ಣಿಗೆ ಗಡುವಿಲ್ಲ, ಆದರೆ ಆ 63ರಲ್ಲಿ ಅದಕ್ಕಿಂತ ಮುಖ್ಯವಾದದ್ದೂ ಇಲ್ಲ. ಇಂಥದ್ದಕ್ಕೆ ಸುಳ್ಳು ತಾರೀಖು ಹಾಕಿದರೆ ಅದನ್ನು ದಾಟಿಸುವುದು ನಿಮಗೇ ಅಭ್ಯಾಸವಾಗುತ್ತದೆ. ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ ಸಮಯ ತೆಗೆದುಕೊಳ್ಳಿ. ವೈದ್ಯರು ಕೊಟ್ಟ ದಿನ ಕ್ಯಾಲೆಂಡರಿಗೆ ಹೋಗಲಿ. ಅದು ನಿಜವಾದ ತಾರೀಖು. ಗೀಸರ್, ಅಟ್ಟ ಇತ್ಯಾದಿ ತಾರೀಖಿಲ್ಲದ ಪಟ್ಟಿಯಲ್ಲಿರಲಿ. ಆ ಪಟ್ಟಿಯನ್ನು ಪ್ರತಿ ಭಾನುವಾರ ಕಾಫಿ ಹಿಡಿದು ಕೂತು ಮೇಲಿಂದ ಕೆಳಗೆ ಓದಿ, ಈ ವಾರ ಮಾಡುವ ಎರಡು ಮೂರು ಆರಿಸಿ. ಓದದೆ ಬಿಟ್ಟರೆ ಅದು ಕೊಳೆಯುತ್ತದೆ, ಇದರಲ್ಲಿ ರಾಜಿ ಬೇಡ.

ಹಾಗಾಗಿ ಇವತ್ತು ರಾತ್ರಿ 41 ಸಾಲುಗಳ ದಿನಾಂಕವನ್ನೂ ತೆಗೆದುಹಾಕಿ. ಕಾಗದಪತ್ರ ನೋಡಿಕೊಂಡು ಆ ನಾಲ್ಕಕ್ಕೆ, ಮತ್ತು ಚಿತ್ರದಲ್ಲಿ ನನಗೆ ಕಾಣದವುಗಳಲ್ಲಿ ಪರೀಕ್ಷೆ ಪಾಸಾದವಕ್ಕೆ ಮಾತ್ರ ಮತ್ತೆ ಹಾಕಿ.

"ದಿನಾಂಕ ಇಲ್ಲದ ಗುರಿ ಬರೀ ಕನಸು" ಎಂದು ಕಾರ್ಯಾಗಾರದಲ್ಲಿ ಹೇಳಿಕೊಟ್ಟರು ಎಂದೂ ಬರೆದಿದ್ದೀರಿ. ಎರಡು ದಿನದ ಶಿಬಿರಕ್ಕೆ ಸಾವಿರಾರು ರೂಪಾಯಿ ತೆಗೆದುಕೊಂಡು ಈ ಒಂದು ವಾಕ್ಯ ಮಾರುವವರ ಮೇಲೆ ನನಗೆ ಸಿಟ್ಟಿದೆ. ಅವರ ಮಾತು ಕೇಳಿ ಎಲ್ಲಕ್ಕೂ ತಾರೀಖು ಹಾಕಿ, ಆಮೇಲೆ ತಾವೇ ಸೋಮಾರಿಗಳು ಎಂದು ಕೊರಗುವವರ ಪತ್ರಗಳನ್ನು ಓದಬೇಕಾದವನು ನಾನು.

ನಿಜವಾದ ಗಡುವಿಗಿಂತ ಐದು ದಿನ ಮೊದಲೇ ಗಡುವು ಬರೆದುಕೊಂಡರೆ ಒಳ್ಳೆಯದಲ್ಲವೇ? — ಹಾಸನ

ಮನೆಯ ಗಡಿಯಾರ ಹತ್ತು ನಿಮಿಷ ಮುಂದಿಟ್ಟವರು ನೋಡಿದ ಕೂಡಲೇ ಹತ್ತು ಕಳೆದುಕೊಳ್ಳುತ್ತಾರೆ. ಬೇಡ.

ಜಿಎಸ್‌ಟಿಯಂಥ ತಿಂಗಳ ಗಡುವನ್ನು ಪ್ರತಿ ಸಲ ಬರೆಯಬೇಕೇ? — ದಾವಣಗೆರೆ

ಒಮ್ಮೆ ಬರೆದು ಪುನರಾವರ್ತನೆ ಹಾಕಿ. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಮಾರಾಟದ ವಿವರ ಕೊಡುವ ಆರ್-1ಕ್ಕೆ 11ನೇ ತಾರೀಖು, ತೆರಿಗೆ ಕಟ್ಟುವ 3ಬಿಗೆ 20. ಬಿಲ್ಲು ಜೋಡಿಸಲು ಶುರು 3ಕ್ಕೆ.

ಯಾವ ಆ್ಯಪ್ ಒಳ್ಳೆಯದು? — ಹಲವರು

ಈಗಾಗಲೇ ನಿಮ್ಮ ಫೋನಿನಲ್ಲಿರುವುದು.

ಆದಾಯ ತೆರಿಗೆ ರಿಟರ್ನ್‌ಗೆ ಸರ್ಕಾರ ಹೇಗೂ ದಿನ ಮುಂದೂಡುತ್ತದೆ. ಜುಲೈ 31ನ್ನು ಗಡುವು ಎಂದು ಏಕೆ ಬರೆದುಕೊಳ್ಳಬೇಕು? — ಬೆಂಗಳೂರು

2025ರಲ್ಲಿ ಅದು ಸೆಪ್ಟೆಂಬರ್ 15ಕ್ಕೆ, ಮತ್ತೆ ಒಂದು ದಿನ 16ಕ್ಕೆ ಹೋಯಿತು, ನಿಜ. ಅದಕ್ಕೂ ಹಿಂದಿನ 2022, 2023, 2024 ಮೂರು ವರ್ಷವೂ ಜುಲೈ 31 ಕದಲಲಿಲ್ಲ. ಆ ವರ್ಷಗಳಲ್ಲಿ ನಿಮ್ಮ ಹಾಗೇ ಕಾದವರು ಆಗಸ್ಟ್ 1ರ ಬೆಳಿಗ್ಗೆ ನಮ್ಮ ಕಚೇರಿ ಮೆಟ್ಟಿಲ ಮೇಲೆ ಕೂತಿದ್ದರು. ಐದು ಲಕ್ಷ ಮೀರಿದ ಆದಾಯಕ್ಕೆ ತಡವಾದ ಶುಲ್ಕ 5,000 ರೂಪಾಯಿ, ಅದಕ್ಕಿಂತ ಕಡಿಮೆಯಿದ್ದರೆ 1,000. ಷೇರಿನಲ್ಲಿ ಆದ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯುವ ಹಕ್ಕೂ ಹೋಗುತ್ತದೆ. ಜುಲೈ 31 ಎಂದೇ ಬರೆಯಿರಿ, ಶುರುವಿನ ದಿನ ಜೂನ್ 20. ಅದರ ಕೆಳಗೇ ಇನ್ನೊಂದು ಸಾಲು ಸೇರಿಸಿ, ಬಹಳ ಜನ ಇದನ್ನು ಮರೆಯುತ್ತಾರೆ: ಸಲ್ಲಿಸಿದ 30 ದಿನದೊಳಗೆ ಇ-ವೆರಿಫೈ, ಎಂದರೆ ರಿಟರ್ನ್ ನಿಮ್ಮದೇ ಎಂದು ಆನ್‌ಲೈನಿನಲ್ಲಿ ದೃಢಪಡಿಸುವುದು. ಅದು ಆಗುವವರೆಗೆ ರಿಟರ್ನಿನ ಸಾಲಿಗೆ ಗೆರೆ ಎಳೆಯಬೇಡಿ.